ಡಾಕ್ಟರ ಮುಂದೆ ಮಾತಾಡಬೇಕಾದವಳು ಯಾರು?

"ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಸಾರ್. ಸುಮ್ಮಸುಮ್ಮನೆ ಅಳ್ತಾಳೆ. ಅಡುಗೆ ಕಡೆ ಗ್ಯಾನವೇ ಇಲ್ಲ." ಮನೋವೈದ್ಯರ ಮುಂದೆ ಗಂಡ ಹೇಳುತ್ತಾನೆ, ಅತ್ತೆ ತಲೆಯಾಡಿಸುತ್ತಾಳೆ, ಹೆಂಡತಿ ಸೆರಗಿನ ತುದಿ ಹಿಡಿದು ಕೂತಿರುತ್ತಾಳೆ. ತವರಿನಿಂದ ಇನ್ನೈವತ್ತು ಸಾವಿರ ತಾ ಎಂದು ಹೊಡೆದ ವಿಷಯ ಮಾತ್ರ ಆ ಕೋಣೆಯಲ್ಲಿ ಬರುವುದೇ ಇಲ್ಲ. ನಾಳೆ ಅದೇ ಚೀಟಿ ಹಿಡಿದು "ಹುಚ್ಚಿಯನ್ನು ನಮ್ಮ ತಲೆಗೆ ಕಟ್ಟಿದರು" ಎಂದು ಪಂಚಾಯ್ತಿ ಸೇರಿಸುತ್ತಾರೆ.

ಹಾಗಾದರೆ ಆಸ್ಪತ್ರೆಗೇ ಹೋಗಬಾರದೇ? ಹೋಗಬೇಕು ಅಕ್ಕಂದಿರೇ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ತಡ ಮಾಡಬಾರದು. ಆದರೆ ನಮ್ಮ ಕಥೆಯನ್ನು ನಾವೇ ಹೇಳಬೇಕು.

ಹಿಂದಿನ ದಿನವೇ ಸಂಘದ ಗೆಳತಿಯೊಬ್ಬಳ ಜೊತೆ ಕೂತು ಬರೆಸಿಟ್ಟುಕೊಳ್ಳಿ. ತೊಂದರೆ ಯಾವಾಗಿನಿಂದ, ಊಟ ಸೇರುತ್ತಿದೆಯೇ, ತಲೆಗೆ ಏಟು ಬಿದ್ದಿತ್ತೇ, ಬಸಿರು, ಬಾಣಂತನ, ಈಗ ನುಂಗುತ್ತಿರುವ ಮಾತ್ರೆ, ನಾಟಿ ಔಷಧಿ, ಎಲ್ಲವೂ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಬೆಂಕಿ ನೋಡಿಕೊಂಡು ರಾತ್ರಿ ಕಳೆಯುವವರಿದ್ದೀರಿ. ಬೆಂಕಿಗಾಗಿ ಎಚ್ಚರವಿದ್ದದ್ದು ಬೇರೆ, ಕುಡಿದು ಬರುವವನ ಹೆಜ್ಜೆ ಸದ್ದಿಗೆ ಎಚ್ಚರವಿದ್ದದ್ದು ಬೇರೆ. ಬಿಡಿಸಿ ಹೇಳಿದರೆ ತಾನೇ ಡಾಕ್ಟರಿಗೆ ತಿಳಿಯುವುದು?

ಒಳಗೆ ಹೋದ ಮೇಲೆ "ನಾನೊಬ್ಬಳೇ ಮಾತಾಡಬೇಕು" ಎನ್ನಿ. ಹೊಡೆತದ ವಿಷಯವನ್ನೂ ಚೀಟಿಯಲ್ಲಿ ಬರೆಯಲು ಕೇಳಿ. ಮಾತ್ರೆ ಯಾತಕ್ಕೆ, ಎಷ್ಟು ದಿನ ಎಂದು ಕೇಳಿ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಾತ್ರೆ ನಿದ್ದೆ ತಂದೀತು, ಹೊಡೆಯುವ ಕೈಯನ್ನು ಹಿಡಿಯಲಾರದು. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಒ. ಅವರೇ ಸಂರಕ್ಷಣಾಧಿಕಾರಿ. ಸಂಘದ ಕೆಲಸಕ್ಕೆ ಎಷ್ಟೋ ಸಲ ಆ ಕಚೇರಿ ಮೆಟ್ಟಿಲು ಹತ್ತಿದವರು ಇದಕ್ಕೇಕೆ ಹಿಂಜರಿಯಬೇಕು?

"ಹುಚ್ಚಿ" ಎಂಬ ಬೆದರಿಕೆಗೂ ಉತ್ತರವಿದೆ. ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರೂ ಬುದ್ಧಿಭ್ರಮಣೆಯವರಾಗುವುದಿಲ್ಲ, ಅದನ್ನು ಹೇಳಬೇಕಾದದ್ದು ನ್ಯಾಯಾಲಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ವಿಚ್ಛೇದನಕ್ಕೆ ಕಾಯಿಲೆಯ ಹೆಸರೊಂದೇ ಸಾಲದು ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿತ್ತು. ಚಿಕಿತ್ಸೆಯಲ್ಲಿ ನಿಮ್ಮ ಪರವಾಗಿ ನಿಲ್ಲುವವರನ್ನು ನೀವೇ ಆರಿಸಬಹುದು: ಬಿಳಿ ಹಾಳೆಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಗಂಡನೇ ಆಗಬೇಕೆಂದಿಲ್ಲ, ಅಕ್ಕ, ಅಣ್ಣ, ಸಂಘದ ಗೆಳತಿ ಯಾರಾದರೂ ಸರಿ, ಅವರು ಒಪ್ಪಿದರಾಯಿತು.

ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೆ.ಆರ್. ನಗರದಿಂದಾಗಲಿ ಎಚ್.ಡಿ. ಕೋಟೆಯಿಂದಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗೂ ಹೋಗಬಹುದು. ಹೊರಡಲಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ. ಸರ್ಕಾರಿ ಬಸ್ಸು 2023ರ ಜೂನ್‌ನಿಂದ ನಮಗೆ ಉಚಿತ. ಆದರೆ ಬಸ್ಸಿಗೆ ಬೇಕಾದ ಆಧಾರ್ ಕಾರ್ಡು ಅತ್ತೆಯ ಪೆಟ್ಟಿಗೆಯಲ್ಲಿ ಇದ್ದರೆ? ಮೊದಲು ಅದನ್ನು ಈಚೆಗೆ ತೆಗೆಯಿರಿ.