ಮೈನಸ್ ಒಂದು ಅಂತ ಬರೆಯೋ ಮುಂಚೆ

ನಮ್ಮಲ್ಲಿ ಬಹಳ ಜನರ ಪೈಥಾನ್ ಕೋಡಿನಲ್ಲಿ ಎನ್-ಜಾಬ್ಸ್ ಮೈನಸ್ ಒಂದು ಅನ್ನೋ ಸಾಲು ಇದ್ದೇ ಇರುತ್ತೆ. ಸೀನಿಯರ್ ಕೋಡಿನಿಂದ ನಾವು ಕಾಪಿ ಮಾಡಿದ್ದು, ಅವರು ಅವರ ಸೀನಿಯರ್‌ನಿಂದ. ಸೈಕಿಟ್-ಲರ್ನ್‌ನಲ್ಲಿ ಇದರ ಅರ್ಥ, ಮೆಷೀನಿನಲ್ಲಿರೋ ಕೋರ್‌ಗಳನ್ನೆಲ್ಲ ನನಗೇ ಕೊಡು ಅಂತ. ಮಲ್ಟಿಪ್ರೋಸೆಸಿಂಗ್ ಪೂಲ್‌ಗೆ ಸಂಖ್ಯೆ ಕೊಡದೆ ಬಿಟ್ಟರೂ ಕಥೆ ಅದೇ. ಸ್ವಂತ ಲ್ಯಾಪ್‌ಟಾಪಿನಲ್ಲಿ ಏನಾದರೂ ಮಾಡ್ಕೊಳ್ಳಿ. ಲ್ಯಾಬಿನ ಸರ್ವರ್ ಮೇಲೆ ಇದನ್ನ ನಾವು ನಿಲ್ಲಿಸಬೇಕು.

ಕಳೆದ ಸೆಮಿಸ್ಟರ್ ರಿವ್ಯೂ ಹಿಂದಿನ ದಿನ ನಡೆದದ್ದು ಹೇಳ್ತೀವಿ. ತಪ್ಪು ನಮ್ಮದೇ. ನಮ್ಮದು 31 ಜಿಲ್ಲೆಗಳ ಮಳೆ ಲೆಕ್ಕ, ಜಿಲ್ಲೆಗೊಂದು ಮಾಡೆಲ್. ಸರ್ವರ್‌ಗೆ 16 ಕೋರ್, 32 ಜಿಬಿ ಮೆಮೊರಿ. ಪೂಲ್‌ನಲ್ಲಿ 16 ವರ್ಕರ್ ಬಿಟ್ಟೆವು. ಒಂದೊಂದು ವರ್ಕರ್ 2 ಜಿಬಿ ತಿನ್ನುತ್ತೆ ಅನ್ನೋದನ್ನ ನೋಡಿರಲೇ ಇಲ್ಲ. ಅದೇ ಮೆಷೀನಿನಲ್ಲಿ ಇನ್ನೊಂದು ತಂಡದ ಟ್ರೈನಿಂಗ್ ಹಿಂದಿನ ರಾತ್ರಿಯಿಂದ ಓಡ್ತಾ ಇತ್ತು: ಒಂದೇ ಪ್ರೋಸೆಸ್, 9 ಜಿಬಿ. ಮೆಮೊರಿ ಮುಗೀತು. ಇಂಥ ಹೊತ್ತಿನಲ್ಲಿ ಲಿನಕ್ಸ್ ಯಾವುದಾದರೂ ಪ್ರೋಸೆಸ್ಸನ್ನ ಕೊಂದು ಜಾಗ ಮಾಡಿಕೊಳ್ಳುತ್ತೆ. ಅದು ಮುಖ್ಯವಾಗಿ ನೋಡೋದು ಯಾವ ಪ್ರೋಸೆಸ್ ಜಾಸ್ತಿ ಮೆಮೊರಿ ಹಿಡಿದಿದೆ ಅಂತ. ಆಮೇಲೆ ಬಂದು ನುಗ್ಗಿದವರು ಯಾರು ಅಂತಲ್ಲ. ನಮ್ಮ 16 ಸಣ್ಣವು ಉಳಿದುಕೊಂಡವು, ಅವರ ಒಂದು ದೊಡ್ಡದು ಹೋಯ್ತು. ಮರುದಿನ ಆ ತಂಡ ರಿಸಲ್ಟ್ ಇಲ್ಲದ ಸ್ಲೈಡ್ ಹಿಡಿದು ನಿಂತಿತ್ತು. (ಚೆಕ್‌ಪಾಯಿಂಟ್ ಇಟ್ಕೋಬೇಕಿತ್ತು ಅನ್ನಬಹುದು. ಅನ್ನೋ ಮುಖ ನಮಗಿರಲಿಲ್ಲ.)

ಆಮೇಲೆ ಕೂತು ಲೆಕ್ಕ ಹಾಕಿದೆವು. 31 ಕೆಲಸ, ಎಲ್ಲ ಹೆಚ್ಚುಕಮ್ಮಿ ಒಂದೇ ಅಳತೆಯವು. 8 ವರ್ಕರ್ ಇದ್ದರೆ ನಾಲ್ಕು ಸುತ್ತು. 11 ಇದ್ದರೆ ಮೂರು. 12ರಿಂದ 15ರವರೆಗೆ ಎಷ್ಟೇ ಇಟ್ಟರೂ ಅದೇ ಮೂರು. 15 ಇಟ್ಟರೆ ಕೊನೇ ಸುತ್ತಿಗೆ ಉಳಿಯೋದು ಒಂದೇ ಜಿಲ್ಲೆ, 14 ವರ್ಕರ್ ಮೆಮೊರಿ ಹಿಡ್ಕೊಂಡು ಸುಮ್ಮನೆ ಕೂತಿರ್ತವೆ. 8 ಇಟ್ಟಿದ್ದರೆ ನಮಗೆ 16 ಜಿಬಿ, ಅವರದ್ದು 9, ಒಟ್ಟು 25. ಇಬ್ಬರದ್ದೂ ಮುಗೀತಿತ್ತು.

16 ಇಟ್ಟರೆ ಎರಡೇ ಸುತ್ತು, ಅರ್ಧ ಸಮಯ ಉಳಿಯುತ್ತಲ್ಲ ಅಂತ ಕೇಳಬಹುದು. ಕಾಗದದ ಮೇಲೆ ಹೌದು. ಆದರೆ ನಂಪೈ ಕೆಳಗೆ ಕೂತಿರೋ ಓಪನ್‌ಬ್ಲಾಸ್ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ತಾನೂ ಕೋರ್‌ಗೊಂದು ಥ್ರೆಡ್ ಎಬ್ಬಿಸುತ್ತೆ. 16 ವರ್ಕರ್, ಒಂದೊಂದಕ್ಕೂ 16 ಥ್ರೆಡ್, ಅಂದ್ರೆ 16 ಕೋರ್ ಮೇಲೆ 256. ಮೆಸ್ಸಿನಲ್ಲಿ ಒಂದು ಕಾವಲಿ ಮುಂದೆ ಹದಿನಾರು ಜನ ಸೌಟು ಹಿಡಿದು ನಿಂತ ಹಾಗೆ. ನಂಪೈ ಇಂಪೋರ್ಟ್ ಆಗೋ ಮುಂಚೆ ಓಎಂಪಿ-ನಮ್-ಥ್ರೆಡ್ಸ್ ಅನ್ನೋ ವೇರಿಯೆಬಲ್‌ಗೆ 1 ಕೊಟ್ಟರೆ ಈ ಗಲಾಟೆ ನಿಲ್ಲುತ್ತೆ. ನಮ್ಮಲ್ಲಿ ಎಷ್ಟು ಜನ ಕೊಡ್ತೀವಿ?

ಇಡೀ ಪೈಪ್‌ಲೈನ್‌ಗೆ ಒಂದೇ ಸಂಖ್ಯೆ ಇಡೋದೂ ತಪ್ಪೇ. ಫೈಲ್ ಡೌನ್‌ಲೋಡ್ ಮಾಡೋ ಹಂತ ಬಹುಪಾಲು ನೆಟ್‌ವರ್ಕ್‌ಗೆ ಕಾಯ್ತಾ ಇರುತ್ತೆ, ಅಲ್ಲಿ ಕೋರ್‌ಗಿಂತ ಜಾಸ್ತಿ ಥ್ರೆಡ್ ಇದ್ದರೂ ನಡೆಯುತ್ತೆ. ಮಾಡೆಲ್ ಹಂತ ಹಾಗಲ್ಲ. ಸ್ನೇಕ್‌ಮೇಕ್ ಥರದ ಟೂಲ್‌ಗಳಲ್ಲಿ ಪ್ರತಿ ಹಂತಕ್ಕೂ ಇಷ್ಟು ಥ್ರೆಡ್, ಇಷ್ಟು ಮೆಮೊರಿ ಅಂತ ಬೇರೆಬೇರೆ ಬರೆಯೋಕೆ ಜಾಗ ಇಟ್ಟಿರೋದು ಸುಮ್ಮನೆ ಅಲ್ಲ.

ಬಳಸದೇ ಬಿಟ್ಟ ಕೋರ್ ದಂಡ ಅನ್ನೋ ಗೆಳೆಯರಿದ್ದಾರೆ. ಒಪ್ಪಿದೆವು. ರಾತ್ರಿ ಎರಡು ಗಂಟೆಗೆ ಎಚ್‌ಟಾಪ್ ತೆಗೆದು ನೋಡಿ, ಯಾರೂ ಇಲ್ಲದಿದ್ದರೆ 16 ಹಾಕಿ. ನೋಡದೇ ಹಾಕೋದಕ್ಕಷ್ಟೇ ನಮ್ಮ ತಕರಾರು. ಒಂದು ಜಿಲ್ಲೆ ಓಡಿಸಿ ಎಷ್ಟು ಮೆಮೊರಿ ತಗೊಂಡಿತು ಅಂತ ನೋಡೋಕೆ ಐದು ನಿಮಿಷ ಸಾಕು.

ಡಿಪಾರ್ಟ್‌ಮೆಂಟ್ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಒಬ್ಬೊಬ್ಬ ಯೂಸರ್‌ಗೆ ಇಷ್ಟೇ ಮೆಮೊರಿ ಅಂತ ಮಿತಿ ಹಾಕೋಕೆ ಲಿನಕ್ಸ್‌ನಲ್ಲಿ ಸಿಗ್ರೂಪ್ ಇದೆ, ದುಡ್ಡು ಕೊಟ್ಟು ತರಬೇಕಾದ್ದಲ್ಲ. ಮುಂದಿನ ರಿವ್ಯೂಗೆ ಮುಂಚೆ ಅದನ್ನ ಹಾಕಿಸಿಕೊಡಿ ಅಂತ ಆ ತಂಡದವರೂ ನಾವೂ ಸೇರಿ ಲ್ಯಾಬ್ ಇನ್‌ಚಾರ್ಜ್ ಸರ್‌ಗೆ ಪತ್ರ ಬರೀತಾ ಇದ್ದೀವಿ. ಸಹಿ ಹಾಕೋರು ಲ್ಯಾಬಿಗೆ ಬನ್ನಿ.