ಅರಮನೆಯ ಲೆಕ್ಕ ಬರೆದ ಹೆಂಗಸರು

ಹಂಪಿ ಬಜಾರಿನ ಕಲ್ಲುಮಂಟಪಗಳ ಮುಂದೆ ನಿಂತರೆ ಮೊದಲು ಕಿವಿಗೆ ಬೀಳುವುದು ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರಿದ ಕಥೆ. ವಿಜಯನಗರದ ಇದೇ ರಾಜಧಾನಿಯಲ್ಲಿ ಹೆಂಗಸರು ರಾಜ್ಯದ ಕಡತ ಬರೆಯುತ್ತಿದ್ದರು ಎಂದು ಹೇಳುವವರು ಕಡಿಮೆ.

ಈ ಸಂಗತಿಯನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್. 1535ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ, ಅವನು ಇಲ್ಲಿದ್ದ. ಅರಮನೆಯೊಳಗಿನ ಖರ್ಚಿನ ಲೆಕ್ಕ ಬರೆಯುವವರು ಹೆಂಗಸರೇ. ರಾಜ್ಯದ ವ್ಯವಹಾರ ಬರೆದಿಡಲು ಬೇರೆ ಹೆಂಗಸರಿದ್ದಾರೆ. ತಮ್ಮ ಪುಸ್ತಕವನ್ನು ಹೊರಗಿನ ಬರಹಗಾರರ ಪುಸ್ತಕದೊಂದಿಗೆ ಅವರು ತಾಳೆ ನೋಡುತ್ತಾರೆ ಎಂದು ಅವನು ತಿಳಿಸುತ್ತಾನೆ. ತಾಳೆ ನೋಡುವ ಕೆಲಸಕ್ಕೆ ಅಕ್ಷರ ಬಂದರಷ್ಟೇ ಸಾಲದು. ತಪ್ಪು ಹಿಡಿಯುವ ಬುದ್ಧಿ ಬೇಕು, ತಪ್ಪಿದೆ ಎನ್ನುವ ಅಧಿಕಾರವೂ ಬೇಕು.

ನೂನಿಜ್‌ನ ಬರಹವನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್‌ನಲ್ಲಿ ಪ್ರಕಟಿಸಿದರು. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ತಮ್ಮ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ವಿಕ್ಟೋರಿಯಾ ರಾಣಿಯ ಕೊನೆಯ ವರ್ಷಗಳವು; ಇಂಗ್ಲೆಂಡಿನಲ್ಲೂ ಓದಿದ ಹೆಂಗಸರಿಗೆ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಅದೇ 1897ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪದವಿ ಕೊಡುವುದಿಲ್ಲವೆಂದು ಮತ ಹಾಕಿತು. ಅವರು ಪರೀಕ್ಷೆ ಬರೆದು ಪಾಸಾಗಬಹುದಿತ್ತು, ಪದವಿ ಸಿಕ್ಕಿದ್ದು 1948ರಲ್ಲಿ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1892ರಲ್ಲಿ ಇಸಾಬೆಲ್ಲಾ ಬರ್ಡ್‌ರಂಥ ಪ್ರವಾಸಿ ಲೇಖಕಿಯರನ್ನು ಸೇರಿಸಿಕೊಂಡು, ಮರುವರ್ಷವೇ ಉಳಿದ ಹೆಂಗಸರಿಗೆ ಬಾಗಿಲು ಹಾಕಿತು. ಹಾಗೆ ಹಾಕಬೇಕೆಂದು ಜೋರಾಗಿ ವಾದಿಸಿದ ಕರ್ಜನ್, ಸಿವೆಲ್ ಪುಸ್ತಕ ಬಂದಾಗ ಭಾರತದ ವೈಸರಾಯ್.

ಇಷ್ಟರಿಂದ ವಿಜಯನಗರದ ಹೆಂಗಸರು ಸ್ವತಂತ್ರರಾಗಿದ್ದರು ಎಂದು ಬೀಗಬೇಕಿಲ್ಲ. ಅದು ಅಂತಃಪುರದ ಗೋಡೆಯೊಳಗಿನ ಸೇವೆ. ಗಂಡ ಸತ್ತರೆ ಹೆಂಡತಿಯನ್ನು ಸುಡುವ ಪದ್ಧತಿಯನ್ನೂ ಅದೇ ನೂನಿಜ್ ವಿವರಿಸಿದ್ದಾನೆ. ಎರಡನ್ನೂ ಒಟ್ಟಿಗೇ ಓದಬೇಕು.

ಲೆಕ್ಕ ಬರೆದವರ ಹೆಸರುಗಳನ್ನು ಅವನು ಕೊಟ್ಟಿಲ್ಲ. ಕವಯಿತ್ರಿಯರ ಹೆಸರುಗಳು ಮಾತ್ರ ಉಳಿದಿವೆ. ವಿಜಯನಗರದ ರಾಜಪುತ್ರ ಕುಮಾರ ಕಂಪಣನ ಹೆಂಡತಿ ಗಂಗಾದೇವಿ ಗಂಡನ ಮಧುರೆ ದಂಡಯಾತ್ರೆಯನ್ನು ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯವಾಗಿಸಿದಳು. ಅದರ ಹಸ್ತಪ್ರತಿ ತಿರುವನಂತಪುರದಲ್ಲಿ ಸಿಕ್ಕಿದ್ದು 1916ರಲ್ಲಿ, ಆದ್ದರಿಂದ ಸಿವೆಲ್‌ಗೆ ಅದು ಸಿಗುವಂತಿರಲಿಲ್ಲ. ನಮಗೆ ಆ ನೆಪವಿಲ್ಲ. ಅಚ್ಯುತರಾಯನ ದಾನವನ್ನು ಕೊಂಡಾಡಿ ‘ಓದುವ ತಿರುಮಲಮ್ಮ’ ಎಂಬ ಕವಯಿತ್ರಿ ರಚಿಸಿದ ಶ್ಲೋಕವಂತೂ ವಿಠ್ಠಲ ದೇವಾಲಯದ ಶಾಸನದಲ್ಲೇ ಇದೆ. ಬಜಾರಿನಿಂದ ನದಿದಂಡೆ ಹಿಡಿದು ಅಲ್ಲಿಗೆ ಹೋಗುವ ಪ್ರವಾಸಿಗರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಗೈಡುಗಳಿಗೆ ಕೊಡುವ ತರಬೇತಿಯಲ್ಲಿ, ಶಾಲಾ ಮಕ್ಕಳಿಗೆ ಹಂಚುವ ಕೈಪಿಡಿಯಲ್ಲಿ ರಥದ ಜೊತೆಗೆ ಈ ಹೆಸರೂ ಬರಬೇಕು.