ಎರಡ ಹೊಸ ಟೈರ್ ತಂದ್ರ ಹಿಂದಿನ ಗಾಲಿಗೆ ಹಾಕಸ್ರಿ



ಈ ಸಲ ಬೆಳಿ ಬಗ್ಗೆ ಬಿಟ್ಟು ಕಾರಿನ ಟೈರ್ ಬಗ್ಗೆ ಬರಿಯಾಕತ್ತೀನಿ. ಕಡಲಿ ಮಾರಿ ಕೈಯಾಗ ನಾಲ್ಕು ದುಡ್ಡು ಆಡಿದ ಮ್ಯಾಲೆ ನಮ್ಮ ಕಡೆ ಬಹಳ ಮಂದಿ ಟೈರ್ ಬದಲಿ ಮಾಡಸ್ತಾರ. ನಾಲ್ಕೂ ಒಮ್ಮೆಗೇ ತರೋದು ಎಲ್ಲರಿಗೂ ಆಗಂಗಿಲ್ಲ, ಎರಡು ತರ್ತಾರ. ಆ ಎರಡು ಹೊಸಾವನ್ನ ಮುಂದಿನ ಗಾಲಿಗೆ ಹಾಕಿಸಿ, ಸವದಿದ್ದು ಹಿಂದ ಹಂಗ ಬಿಡ್ತಾರ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕು. ಹೊಸಾವು ಹಿಂದಿನ ಗಾಲಿಗೆ ಹೋಗಬೇಕು, ಹಿಂದಿನ ಹಳೇವು ಮುಂದಕ್ಕ ಬರಬೇಕು.

ಇದನ್ನ ಹೇಳಿದ್ರ ಎಲ್ಲರೂ ಒಂದ ಮಾತು ಅಂತಾರ: "ಎಂಜಿನ್ ಮುಂದ ಐತಿ, ಸ್ಟೇರಿಂಗ್ ಮುಂದ ಐತಿ, ಬ್ರೇಕ್ ಜೋರ್ ಹಿಡಿಯೋದೂ ಮುಂದ, ಮತ್ತ ಚಲೋ ಟೈರ್ ಹಿಂದ ಯಾಕ?" ಮಾತು ಸುಳ್ಳಲ್ಲ, ಆದ್ರ ಲೆಕ್ಕ ಅರ್ಧಕ್ಕ ನಿಂತೈತಿ. ಹಸಿ ರಸ್ತೆದಾಗ ಯಾವ ಗಾಲಿ ಹಿಡಿತ ಬಿಟ್ರ ಏನಾಗ್ತೈತಿ ಅಂತ ನೋಡ್ರಿ. ಮುಂದಿನ ಗಾಲಿ ಜಾರಿದ್ರ ಗಾಡಿ ತಿರುವಿನಾಗ ತಿರಗದ ನೆಟ್ಟಗ ಹೋಗ್ತೈತಿ. ಅದು ಸ್ಟೇರಿಂಗಿನ್ಯಾಗ ಕೈಗೆ ಗೊತ್ತಾಗ್ತೈತಿ. ಎಕ್ಸಿಲೇಟರ್ ಬಿಟ್ರ ವೇಗ ಇಳೀತೈತಿ, ಭಾರ ಮುಂದ ಬೀಳ್ತೈತಿ, ಬಹಳ ಸಲ ಹಿಡಿತ ವಾಪಸ್ ಬರ್ತೈತಿ. ಹಿಂದಿನ ಗಾಲಿ ಜಾರಿದ್ರ ಕಥಿ ಬ್ಯಾರೆ. ಗಾಡಿ ಹಿಂಭಾಗ ಸುತ್ತಿಕೊಂಡು ಮುಂದ ಬರಾಕ ನೋಡ್ತೈತಿ. ಹೆದರಿ ಬ್ರೇಕ್ ಒತ್ತಿದ್ರ ಭಾರ ಮುಂದ ಹೋಗಿ ಹಿಂದಿನ ಗಾಲಿ ಇನ್ನೂ ಹಗುರ ಆಗ್ತೈತಿ, ಇನ್ನೂ ಜಾರ್ತೈತಿ. ಇದನ್ನ ಸಂಭಾಳಿಸೋ ಡ್ರೈವರ್ ನೂರಕ್ಕ ಒಬ್ಬ ಸಿಗೋದೂ ಕಷ್ಟ.

ಟ್ರ್ಯಾಕ್ಟರ್ ಹೊಡೆಯೋರಿಗೆ ಇದು ಲಗೂ ತಿಳೀತೈತಿ. ಇಳಿಜಾರಿನಾಗ ತುಂಬಿದ ಟ್ರೇಲಿ ಹಿಂದಿನಿಂದ ದಬ್ಬಿ ಅಡ್ಡ ತಿರಗಾಕ ಹತ್ತಿದ್ರ ಮುಂದ ಸ್ಟೇರಿಂಗ್ ಎಷ್ಟು ತಿರವಿದ್ರೂ ಉಪಯೋಗ ಇಲ್ಲ. ಕಾರಿನಾಗೂ ಹಂಗ, ಹಿಂಭಾಗ ಅಡ್ಡ ಆತಂದ್ರ ಮುಂದಿನ ಹೊಸ ಟೈರ್ ಏನೂ ಮಾಡಂಗಿಲ್ಲ. ಮಿಶೆಲಿನ್‌ನಂಥ ದೊಡ್ಡ ಟೈರ್ ಕಂಪನಿಗಳೂ ಇದನ್ನ ಹೇಳ್ತಾವು. ಎಂಜಿನ್ ಜೋರು ಮುಂದಿನ ಗಾಲಿಗೆ ಇರಲಿ, ಹಿಂದಿನ ಗಾಲಿಗೆ ಇರಲಿ, ಎರಡ ಹೊಸಾವು ತಂದ್ರ ಹಿಂದ ಹಾಕ್ರಿ ಅಂತ.

ನಮ್ಮ ಭಾಗಕ್ಕ ಇದು ಯಾಕ ಹೆಚ್ಚು ಮುಖ್ಯ ಅಂದ್ರ ನಮ್ಮ ಎರಿ ಮಣ್ಣು. ಮಳಿ ಆದ ಮ್ಯಾಲೆ ಹೊಲದಿಂದ ಟ್ರ್ಯಾಕ್ಟರ್ ಡಾಂಬರ್ ರಸ್ತೆಗೆ ಹತ್ತಿದ್ರ ಗಾಲಿಗೆ ಮೆತ್ತಿದ ಮಣ್ಣು ಅಷ್ಟೂ ರಸ್ತೆ ಮ್ಯಾಲೆ ಬೀಳ್ತೈತಿ. ಅದರ ಮ್ಯಾಲೆ ಒಂದು ಜುಮುರು ಮಳಿ ಆತು ಅಂದ್ರ ಗ್ರೀಸ್ ಹಚ್ಚಿದಂಗ. ಇಟಗಿಯಿಂದ ರೋಣಕ್ಕ ಹೋಗ್ರಿ, ಗಜೇಂದ್ರಗಡಕ್ಕ ಹೋಗ್ರಿ, ನರಗುಂದದ ಕಡೆ ಹೋಗ್ರಿ, ಬಿತ್ತೋ ಟೈಮಿನ್ಯಾಗ ಇಂಥಾ ಜಾಗ ಸಿಗ್ತಾವು. ಸವದ ಟೈರಿಗೆ ನೀರು, ಕೆಸರು ಹೊರಗ ಹಾಕೋ ತಾಕತ್ತು ಇರಂಗಿಲ್ಲ. ಹೊಸ ಕಾರ್ ಟೈರಿನ ಬಟನ್ ಆಳ ಸಾಮಾನ್ಯ 7-8 ಮಿಲಿಮೀಟರ್ ಇರ್ತೈತಿ. ಕಾಯ್ದೆ ಪ್ರಕಾರ 1.6 ಮಿ.ಮೀ.ಗಿಂತ ಕಡಿಮಿ ಆಗಬಾರದು. ಅಳತಿ ಪಟ್ಟಿ ಬೇಕಿಲ್ಲ, ಬಟನ್ ನಡುವಿನ ಗಾಡಿಯೊಳಗ ಅಲ್ಲಲ್ಲಿ ಸಣ್ಣ ಉಬ್ಬು ಇರ್ತಾವು. ಬಟನ್ ಸವದು ಆ ಉಬ್ಬಿನ ಸಮ ಬಂತು ಅಂದ್ರ ಟೈರ್ ಮುಗೀತು.

"ಮುಂದಿನ ಹಳೇ ಟೈರ್ ಒಡದ್ರ?" ಅಂತ ಕೇಳೋರು ಇದ್ದಾರ. ಅದೂ ಸರಿಯಾದ ಪ್ರಶ್ನೆ. ಒಡಿಯೋ ಹಂಗ ಇರೋ ಟೈರ್ ಮುಂದೂ ಬ್ಯಾಡ, ಹಿಂದೂ ಬ್ಯಾಡ. ಸೀಳು ಬಿಟ್ಟಿದ್ದು, ಬದಿಗೆ ಉಬ್ಬಿದ್ದು ಕಂಡ್ರ ಅದನ್ನ ಗಾಡಿಯಿಂದ ತಗೀಬೇಕು. ನಾನು ಹೇಳೋದು ಇನ್ನೂ ಓಡೋ ಸ್ಥಿತಿಯೊಳಗಿನ ಟೈರ್ ಬಗ್ಗೆ. ಅಂಗಡಿಯವರು ಹೊಸಾವನ್ನ ಮುಂದ ಹಾಕೋದಕ್ಕ ಕಾರಣ ಸರಳ ಐತಿ: ಸವದಿದ್ದು ಮುಂದಿನವು, ಅವನ್ನ ಬಿಚ್ಚಿ ಅಲ್ಲೇ ಹೊಸಾವು ಏರಿಸಿದ್ರ ಕೆಲಸ ಕಡಿಮಿ. ಹಿಂದಿನವನ್ನ ಮುಂದ ತರಾಕ ಸ್ವಲ್ಪ ಹೆಚ್ಚು ಕೂಲಿ ಕೇಳಬಹುದು. ಕೊಡ್ರಿ.

ಇನ್ನೊಂದು ವಿಷಯ, ಹುಬ್ಬಳ್ಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಟೈರ್ ತರೋದು. "ರಿಮ್ಮಿಗೆ ಕುಂತೈತಿ, ಸಾಕು" ಅಂತಾರ. ಸಾಕಾಗಂಗಿಲ್ಲ. ಒಂದು ಲೆಕ್ಕ ಹಾಕೋಣ. ಕಂಪನಿ ಕೊಟ್ಟ ಸೈಜ್ 165/80 ಆರ್14 ಐತಿ ಅನ್ರಿ. 165 ಅಂದ್ರ ಅಗಲ ಮಿ.ಮೀ.ನಾಗ, 80 ಅಂದ್ರ ಅದರ ಶೇಕಡಾ 80ರಷ್ಟು ಬದಿ ಎತ್ತರ, 14 ಅಂದ್ರ ರಿಮ್ 14 ಇಂಚು. ಒಟ್ಟು ಎತ್ತರ ಸುಮಾರು 620 ಮಿ.ಮೀ. ಅದೇ ರಿಮ್ಮಿಗೆ 175/65 ಆರ್14 ಟೈರೂ ಕುಂದರ್ತೈತಿ, ಆದ್ರ ಎತ್ತರ ಸುಮಾರು 583. ಗಾಡಿ 18 ಮಿ.ಮೀ. ಕೆಳಗ ಇಳೀತು. ನಮ್ಮ ಹೊಲದ ದಾರ್ಯಾಗ ಚೇಂಬರ್ ಬಡಿಯಾಕ ಅಷ್ಟ ಸಾಕು. ಮೀಟರ್ 80 ತೋರಿಸಿದಾಗ ಗಾಡಿ ಖರೇ ಓಡೋದು 75.

ಭಾರದ ಲೆಕ್ಕ ಇನ್ನೂ ದೊಡ್ಡದು. ಸೈಜಿನ ಮುಂದ 85, 82 ಅಂತ ನಂಬರ್ ಇರ್ತೈತಿ. 85 ಅಂದ್ರ ಒಂದು ಟೈರ್ 515 ಕೆ.ಜಿ. ಹೊರತೈತಿ, 82 ಅಂದ್ರ 475. ಟೈರಿಗೆ 40 ಕೆ.ಜಿ. ಕಡಿಮಿ, ನಾಲ್ಕಕ್ಕ 160 ಕೆ.ಜಿ. ಐದು ಮಂದಿ ಕುಂತು ಡಿಕ್ಕಿಯೊಳಗ ಗೊಬ್ಬರದ ಚೀಲ ಹಾಕ್ಕೊಂಡು ಬರೋ ನಮಗ ಇದು ಸಣ್ಣ ಮಾತಲ್ಲ.

ತಯಾರಾದ ದಿನಾನೂ ನೋಡ್ರಿ. ಬದಿಗೆ ನಾಲ್ಕು ಅಂಕಿ ಇರ್ತಾವು. 2319 ಅಂದ್ರ 2019ರ 23ನೇ ವಾರ. ನಮ್ಮ ಕಾರುಗಳು ಜಾತ್ರಿ, ಮದವಿ, ದವಾಖಾನಿಗೆ ಅಷ್ಟ ಹೊರಗ ಬೀಳ್ತಾವು. ಬಟನ್ ಹಂಗ ಇರ್ತೈತಿ, ಒಳಗ ರಬ್ಬರ್ ಬಿಸಿಲಿಗೆ ಗಟ್ಟಿ ಆಗಿರ್ತೈತಿ. ಗಟ್ಟಿ ರಬ್ಬರ್ ಹಸಿ ರಸ್ತೆ ಹಿಡಿಯಂಗಿಲ್ಲ. ಐದು ವರ್ಷ ದಾಟಿದ್ರ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಸ್ರಿ.

ಒಂದ ಅಚ್ಚಿನ ಎರಡೂ ಗಾಲಿಗೆ ಒಂದ ನಮೂನಿ ಟೈರ್ ಇರಬೇಕು. ಎಡಕ್ಕ ಒಂದು, ಬಲಕ್ಕ ಒಂದು ನಮೂನಿ ಇದ್ರ ಬ್ರೇಕ್ ಹಿಡಿದಾಗ ಗಾಡಿ ಒಂದ ಕಡೆ ಎಳೀತೈತಿ. ಹೊಸ ಟೈರ್ ಮ್ಯಾಲೆ ಅಚ್ಚಿನಿಂದ ಬಂದ ಜಿಡ್ಡು ಇರ್ತೈತಿ, ಮೊದಲ 200-300 ಕಿ.ಮೀ. ಸಾವಕಾಶ ಓಡಸ್ರಿ. ಹವಾ ಎಷ್ಟು ಅನ್ನೋದು ಡ್ರೈವರ್ ಬಾಗಲದ ಹತ್ರ ಚೀಟಿ ಮ್ಯಾಲೆ ಬರದಿರ್ತೈತಿ. ಟೈರ್ ತಣ್ಣಗಿದ್ದಾಗ ಅಷ್ಟ ಹಿಡಸ್ರಿ.

ಫೋರ್ ವೀಲ್ ಟ್ರ್ಯಾಕ್ಟರ್ ಇದ್ದವರಿಗೂ ಒಂದು ಮಾತು. ಅದರಾಗ ಮುಂದಿನ ಗಾಲಿ, ಹಿಂದಿನ ಗಾಲಿ ಎರಡರ ಅಳತಿ ನೋಡೇ ಗೇರ್ ಮಾಡಿರ್ತಾರ. ಒಂದ ಕಡೆ ಸೈಜ್ ಬದಲಿ ಮಾಡಿದ್ರ ಮುಂದಿನದು ಹಿಂದಿನದು ಒಂದಕ್ಕೊಂದು ಜಗ್ಗ್ಯಾಡಿ ಟೈರೂ ಸವೀತೈತಿ, ಗೇರಿಗೂ ಪೆಟ್ಟು ಬೀಳ್ತೈತಿ.

ಕೊನಿಗೆ ರೊಕ್ಕದ ಮಾತು. 10 ಸಾವಿರ ಕಿ.ಮೀ.ಗೊಮ್ಮೆ ಹಿಂದಿನವು ಮುಂದ, ಮುಂದಿನವು ಹಿಂದ ಮಾಡಿಸಿದ್ರ ನಾಲ್ಕೂ ಹೆಚ್ಚು ಕಡಿಮಿ ಒಂದ ಸಮ ಸವೀತಾವು. ಆವಾಗ ನಾಲ್ಕೂ ಒಮ್ಮೆ ತರಾಕ ತಯಾರಿ ಮಾಡ್ಕೋಬಹುದು. ಆಗಲಿಲ್ಲ ಅಂದ್ರ ಎರಡ ತರ್ರಿ, ಆದ್ರ ಮುಂಗಾರು ಹಿಡಿಯೋದ್ರಾಗ ಹಿಂದಿನ ಗಾಲಿಗೆ ಹಾಕಿಸಿ ಬಿಡ್ರಿ. ಬೀಜ ಗೊಬ್ಬರಕ್ಕ ರೊಕ್ಕ ತಗದಿಡುವಾಗ ಇದಕ್ಕೂ ಸ್ವಲ್ಪ ತಗದಿಡ್ರಿ, ಹಿಂದಿನ ಸೀಟಿನ್ಯಾಗ ಕುಂದರೋರು ನಮ್ಮ ಮಕ್ಕಳು ಮರಿನ ಅದಾರ.